ಎರಡನೆಯ ಸೆರಹ

ಹೈಫಾ, 8 ಅಕ್ಟೋಬರ್ 1972

ಜೆರುಸಲೇಮಿನ ಇಸ್ಫಹಾನಿಯರ ಪ್ರಾರ್ಥನಾ ಮಂದಿರವನ್ನು ನೋಡಿಕೊಳ್ಳುವವರಿಗೆ,

ಶಾಲೋಮ್. ನನ್ನ ಹೆಸರು ಫ್ರೂಮಾ ಝಿಲ್ಬರ್ಗ್. ಇಲ್ಲಿಯ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ನರ್ಸ್. ಗುರುತಿಲ್ಲದವರಿಗೆ ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ. ವಿಷಯ ಚಿಕ್ಕದು.

ಇಸ್ಫಹಾನಿನ ಕಡೆಯ ಸೆರಹ ಎಂಬ ಹೆಂಗಸೊಬ್ಬರು 1942ರ ಕೊನೆಯಲ್ಲಿ ತೆಹರಾನಿನಲ್ಲಿದ್ದರು. ಆಗ ವಯಸ್ಸು ನಲವತ್ತೈದರ ಆಸುಪಾಸು. ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈಯವರೆಗೆ ಸುಟ್ಟ ಕಲೆ. ಆ ಚಳಿಗಾಲದಲ್ಲೇ ಅವರು ಜ್ವರ ಬಂದು ತೀರಿಕೊಂಡರೆಂದು ಕೇಳಿದ್ದೇನೆ. ತೀರಿಕೊಂಡ ತಾರೀಖು, ಅವರ ತಾಯಿಯ ಹೆಸರು, ಇವೆರಡು ನಿಮ್ಮವರಲ್ಲಿ ಯಾರಿಗಾದರೂ ಗೊತ್ತಿದ್ದರೆ ತಿಳಿಸುವಿರಾ? ಡಿಸೆಂಬರಿನೊಳಗೆ ತಿಳಿದರೆ ದೊಡ್ಡ ಉಪಕಾರ.

ಆ ಹೆಸರಿನವರು ಹೆಚ್ಚು ಮಂದಿ ಇರಲಾರರೆಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಹದಿನೇಳು ವರ್ಷಗಳಿಂದ ತಾಯಂದಿರು ಇಡುವ ಹೆಸರುಗಳನ್ನು ಕೇಳುತ್ತಾ ಬಂದವಳು ನಾನು. ಈ ವಾರವೊಂದರಲ್ಲೇ ಮೂವರು ರೋನಿತ್, ಇಬ್ಬರು ಮಿಖಲ್, ಒಬ್ಬಳು ಒರ್ಲಿ. ನಮ್ಮ ಬೀದಿಯ ಆಟದ ಮೈದಾನದಲ್ಲಿ ನಿಂತು "ರೋನಿತ್!" ಎಂದು ಕೂಗಿದರೆ ನಾಲ್ಕು ಮಕ್ಕಳು ತಿರುಗಿ ನೋಡುತ್ತವೆ. ಸೆರಹ ಮಾತ್ರ ಒಬ್ಬಳೂ ಇಲ್ಲ. ಹದಿನೇಳು ವರ್ಷದಲ್ಲಿ ಒಬ್ಬಳೂ ಹುಟ್ಟಲಿಲ್ಲ.

ಫ್ರೂಮಾ ಝಿಲ್ಬರ್ಗ್


ಜೆರುಸಲೇಮ್, 17 ಅಕ್ಟೋಬರ್ 1972

ಶ್ರೀಮತಿ ಝಿಲ್ಬರ್ಗ್ ಅವರಿಗೆ,

ಮಂದಿರದ ಬೀಗದ ಕೈ ಇರುವುದು ನನ್ನ ಗಂಡನ ಬಳಿ. ಅವರು ನಿಮ್ಮ ಕಾಗದವನ್ನು ಎರಡು ಸಲ ಓದಿ, "ಇದು ಹೆಂಗಸರ ವಿಷಯ, ನೀನೇ ನೋಡ್ಕೊ" ಎಂದು ಬದನೆಕಾಯಿ ಬುಟ್ಟಿಯ ಮೇಲಿಟ್ಟು ಹೋದರು. ನನ್ನ ಹೆಸರು ಗೋಹರ್. ಇಲ್ಲಿಗೆ ಬಂದಮೇಲೆ ಹೀಬ್ರೂ ಕಲಿತವಳು. ತಪ್ಪುಗಳಿದ್ದರೆ ನುಂಗಿಕೊಳ್ಳಿ.

ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಕಾಗದ ಸರ್ಕಾರಿ ಕಾಗದದ ಹಾಗಿದೆ. ಸತ್ತ ತಾರೀಖು ಕೇಳಿದಿರಿ, ತಾಯಿಯ ಹೆಸರು ಕೇಳಿದಿರಿ, ಯಾಕೆ ಎಂದು ಮಾತ್ರ ಹೇಳಲಿಲ್ಲ. ಹೀಗೆ ಕೇಳಿದವರಿಗೆಲ್ಲ ಬಾಯಿಬಿಟ್ಟಿದ್ದರೆ ನಮ್ಮ ಅಜ್ಜಂದಿರು ಇಸ್ಫಹಾನಿನಲ್ಲಿ ಅಷ್ಟು ಕಾಲ ಬಾಳುತ್ತಿರಲಿಲ್ಲ.

ಆ ಹೆಸರು ನಮ್ಮಲ್ಲೂ ಅಪರೂಪ. ತುಂಬಿ ಮಿಕ್ಕಿದ್ದು, ಅಳತೆ ಮೀರಿ ಉಳಿದದ್ದು ಎಂದು ಅದರ ಅರ್ಥ ಹೇಳುತ್ತಾರೆ. ಬಲ್ಲವರು ಬೇರೆ ಏನಾದರೂ ಹೇಳಿಯಾರು, ನನ್ನ ಅಜ್ಜಿ ಹೇಳುತ್ತಿದ್ದುದು ಇದು. ನಮ್ಮ ಮನೆತನದಲ್ಲಿ ಅದನ್ನು ಚೆಂದಕ್ಕೆಂದು ಯಾರೂ ಇಡುವುದಿಲ್ಲ. ಮಕ್ಕಳು ಹುಟ್ಟಿ ಹುಟ್ಟಿ ಹೋಗುವ ಮನೆಯ ತಾಯಿ ಇಸ್ಫಹಾನಿನ ಊರಾಚೆಯ ಸೆರಹಳ ಸ್ಥಾನಕ್ಕೆ ನಡೆದು ಹೋಗಿ ಹರಕೆ ಹೊತ್ತುಕೊಳ್ಳುತ್ತಾಳೆ. ಆಮೇಲೆ ಹುಟ್ಟಿದವಳಿಗೆ ಮಾತ್ರ ಆ ಹೆಸರು. ಯಾಕೋಬನ ಮೊಮ್ಮಗಳು, ಆಶೇರನ ಮಗಳು ಸೆರಹಳ ಹತ್ತಿರ ಸಾವು ಸುಳಿಯುವುದಿಲ್ಲವಲ್ಲ, ಅದಕ್ಕೆ.

ನನಗೊಬ್ಬಳು ಸೆರಹ ಗೊತ್ತು. ಮೊದಲು ನೀವು ಯಾಕೆ ಎಂದು ಹೇಳಿ. ಮಿಕ್ಕಿದ್ದು ಆಮೇಲೆ.

ಗೋಹರ್


ಹೈಫಾ, 24 ಅಕ್ಟೋಬರ್ 1972

ಗೋಹರ್ ಅವರೇ,

ನೀವು ಹೇಳಿದ್ದು ನ್ಯಾಯ. ಈ ಕಥೆಯನ್ನು ನಾನು ಮಗಳಿಗೂ ಪೂರ್ತಿ ಹೇಳಿಲ್ಲ. ಈಗ ಬರೆಯುತ್ತೇನೆ.

ನಾವು ಪೋಲೆಂಡಿನಿಂದ ಹೊರಟು ರಷ್ಯಾ ಸುತ್ತಿ ತೆಹರಾನಿಗೆ ಬಂದು ಬಿದ್ದ ತಬ್ಬಲಿ ಮಕ್ಕಳು. ನನಗೆ ಹತ್ತು, ತಮ್ಮ ಮೋತ್ಯೆಗೆ ಆರು. ಸಮುದ್ರ ದಾಟುವಾಗ ಗದ್ದಲದಲ್ಲಿ ನಾವು ಬೇರೆ ಬೇರೆ ಹಡಗು ಹತ್ತಿದೆವು. ಅವನ ಹಡಗು ಬರಲಿಲ್ಲ ಎಂದರು. ಮಕ್ಕಳ ಶಿಬಿರದ ಡೇರೆಯಲ್ಲಿ ಜ್ವರ ಹಿಡಿದು ಮಲಗಿದ ನಾನು ಮುಖವನ್ನು ಬಟ್ಟೆಯ ಗೋಡೆಗೆ ತಿರುಗಿಸಿದವಳು ಮತ್ತೆ ಈಚೆ ತಿರುಗಲಿಲ್ಲ. ಉಣ್ಣುವುದನ್ನೂ ಬಿಟ್ಟೆ.

ನಮ್ಮ ಬಟ್ಟೆ ಒಗೆದು ಗಂಜಿ ಕುಡಿಸಲು ಊರಿನ ನಿಮ್ಮ ಹೆಂಗಸರು ಬರುತ್ತಿದ್ದರು. ಸೆರಹ ಅವರಲ್ಲೊಬ್ಬರು. ಒಂದು ಮಧ್ಯಾಹ್ನ ಅವರು ಗಂಜಿಯ ಬಟ್ಟಲನ್ನು ಪಕ್ಕಕ್ಕಿಟ್ಟು, ನನ್ನ ಬೆನ್ನ ಹಿಂದೆ ಕೂತು ಮೆಲ್ಲಗೆ ಹಾಡತೊಡಗಿದರು. ಪಾರಸಿ ಹಾಡು. ನನಗೆ ಒಂದಕ್ಷರ ತಿಳಿಯದು. ಎಷ್ಟೋ ಹೊತ್ತಿನ ಮೇಲೆ ಆ ಹಾಡಿನೊಳಗೆ "ಮೋತ್ಯೆ" ಎಂದು ಕೇಳಿಸಿತು. ಜ್ವರದ ಭ್ರಮೆ ಎಂದುಕೊಂಡೆ. ಸುತ್ತಿ ಬಳಸಿ ಮತ್ತೆ ಬಂತು. ಆಮೇಲೆ ಆ ಹೆಸರಿನ ಪಕ್ಕದಲ್ಲಿ ಇನ್ನೊಂದು ಮಾತು ಬಂತು. ಪ್ರಾರ್ಥನೆಯಿಂದ ನಮಗಿಬ್ಬರಿಗೂ ಗೊತ್ತಿದ್ದ ಹೀಬ್ರೂ ಮಾತು: ಬದುಕಿದ್ದಾನೆ. ಮೋತ್ಯೆ ಬದುಕಿದ್ದಾನೆ, ಮೋತ್ಯೆ ಬದುಕಿದ್ದಾನೆ. ನಾನು ತಿರುಗಿದೆ. ಡೇರೆಯ ಬಾಗಿಲಲ್ಲಿ ತಲೆ ಬೋಳಿಸಿದ ನನ್ನ ತಮ್ಮ ನಿಂತಿದ್ದ.

ನರ್ಸ್ ಆಗಿ ಹೇಳುತ್ತೇನೆ, ಆ ಸ್ಥಿತಿಯಲ್ಲಿ ಅವನನ್ನು ಧುತ್ತನೆ ಎದುರಿಗೆ ನಿಲ್ಲಿಸಿದ್ದರೆ ನನ್ನ ಎದೆ ನಿಂತುಬಿಡುತ್ತಿತ್ತು.

ಈ ದೇಶಕ್ಕೆ ಬಂದ ಮೂರನೆಯ ವರ್ಷ ಶಾಲೆಯಲ್ಲಿ ಮಾಸ್ತರು ಹಳೆಯ ಕಥೆಯೊಂದನ್ನು ಹೇಳಿದರು. ಯೋಸೇಫ ಬದುಕಿದ್ದಾನೆಂದು ಮುದುಕ ಯಾಕೋಬನಿಗೆ ಹೇಳಲು ಮಕ್ಕಳಿಗೆ ಹೆದರಿಕೆ, ಸಂತೋಷದಲ್ಲಿ ಪ್ರಾಣ ಹೋದೀತೆಂದು. ಆಗ ಮೊಮ್ಮಗಳನ್ನು ಕಳಿಸಿದರು. ಅವಳು ಅಜ್ಜನ ಹತ್ತಿರ ಕೂತು, ಅದನ್ನು ಹಾಡಿನೊಳಗೆ ಸೇರಿಸಿ, ಸ್ವಲ್ಪ ಸ್ವಲ್ಪವಾಗಿ ಕಿವಿಗೆ ಹಾಕಿದಳು. ಈ ಮಾತು ತಂದ ಬಾಯನ್ನು ಸಾವು ಮುಟ್ಟದಿರಲಿ ಎಂದು ಯಾಕೋಬ ಹರಸಿದ. ಆ ಹುಡುಗಿಯ ಹೆಸರು ಸೆರಹ ಎಂದು ಮಾಸ್ತರು ಅಂದರು. ಎದ್ದು ಹೊರಗೆ ಹೋಗಿ ಗೋಡೆ ಹಿಡಿದು ನಿಂತೆ. ಇವತ್ತಿಗೂ ಅದನ್ನು ನೆನೆದರೆ ಕೂತಲ್ಲಿ ಕೂರಲಾರೆ.

ಹಾಡಿದ ಮರುದಿನವೇ ನನ್ನನ್ನು ಆಸ್ಪತ್ರೆಗೆ ಸಾಗಿಸಿದರು. ನಮ್ಮಿಂದ ಜ್ವರ ಅಂಟಿ ಆಕೆ ಹೋದರೆಂದು ಆಮೇಲೆ ಶಿಬಿರದವರೊಬ್ಬರು ಹೇಳಿದರು. ಮಗಳು ಝೀವಾ ಡಿಸೆಂಬರಿನಲ್ಲಿ ಹೆರುತ್ತಾಳೆ. ಹೆಣ್ಣಾದರೆ ಸೆರಹ ಎಂದೇ ಹೆಸರು. ತಾರೀಖು ಖಚಿತವಾಗದೆ ಇಡುವಂತಿಲ್ಲ, ಅದಕ್ಕೇ ಕೇಳಿದೆ.

ಫ್ರೂಮಾ


ಜೆರುಸಲೇಮ್, 2 ನವೆಂಬರ್ 1972

ಫ್ರೂಮಾ ಜಾನ್,

ತಾರೀಖು ಇಲ್ಲ! ಕೇಳಿಸಿತೇ? ತಾರೀಖೇ ಇಲ್ಲ!

ಸೆರಹ ನನ್ನ ದೊಡ್ಡಮ್ಮ. ನಿಮ್ಮ ಮೊದಲನೆಯ ಕಾಗದ ಬಂದ ದಿನ ಆಕೆ ನನ್ನ ಎದುರಿಗೇ ಕೂತು ಅವರೆ ಬಿಡಿಸುತ್ತಿದ್ದಳು. ಜ್ವರ ಬಂದದ್ದು ನಿಜ, ಸತ್ತದ್ದು ಸುಳ್ಳು. ಈಗ ಎಪ್ಪತ್ತೈದು. ಇದನ್ನು ನಿಧಾನವಾಗಿ ಹೇಳುವಷ್ಟು ಜಾಣೆ ನಾನಲ್ಲ. ನಿಮ್ಮ ಕಾಗದ ಹಿಡಿದು ಒಳಗೆ ಓಡಿ ಒಂದೇ ಉಸಿರಿಗೆ ಹೇಳಿಬಿಟ್ಟೆ. ಆಕೆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದಳು. ಆಮೇಲೆ, "ಎಡಗಾಲಿನ ಬೂಟಲ್ಲಿ ರೊಟ್ಟಿ ಬಚ್ಚಿಡ್ತಿದ್ದ ಹುಡುಗೀನಾ?" ಎಂದಳು.

ಇದು ನಿಮ್ಮ ಕಾಗದದಲ್ಲಿ ಇರಲಿಲ್ಲ, ಫ್ರೂಮಾ.

ಇನ್ನೊಂದು ಹೇಳುತ್ತೇನೆ, ಕೂತುಕೊಂಡು ಓದಿ. ಮರುದಿನ ಆಕೆ ಡೇರೆಗೆ ಬಂದಾಗ ನಿಮ್ಮ ಮಂಚ ಖಾಲಿ ಇತ್ತಂತೆ. ಯಾರನ್ನು ಕೇಳಿದರೂ ಕೈ ಆಡಿಸಿದರಂತೆ. ನೀವು ತೀರಿಹೋದಿರಿ ಎಂದುಕೊಂಡಳು. ಅಂದಿನಿಂದ ಪ್ರತಿವರ್ಷ ತೇವೆತ್ ತಿಂಗಳ ಇಪ್ಪತ್ತಾರಕ್ಕೆ, ಮಕ್ಕಳೆಲ್ಲ ತೆಹರಾನ್ ಬಿಟ್ಟು ಹೊರಟ ದಿನ, ನಿಮ್ಮ ಹೆಸರಿನಲ್ಲಿ ಸತ್ತವರಿಗೆ ಹಚ್ಚುವ ದೀಪ ಹಚ್ಚುತ್ತಾ ಬಂದಿದ್ದಾಳೆ. ಇಪ್ಪತ್ತೊಂಬತ್ತು ದೀಪ! ಆಕೆ ನಮ್ಮ ಜೊತೆ ಇರಲು ಬಂದ ವರ್ಷ "ಯಾರಿಗೆ ದೊಡ್ಡಮ್ಮಾ?" ಎಂದು ಕೇಳಿದ್ದೆ. "ಒಂದು ಕೋಳಿಮರಿಗೆ" ಎಂದಿದ್ದಳು.

ಹೆಸರು ಇಡಿ, ಇಡಿ! ಇನ್ನೇನು ಬೇಕು? ಬದುಕಿರುವಾಗಲೇ ತನ್ನ ಹೆಸರು ಮಗುವಿಗೆ ಇಡುವುದಕ್ಕಿಂತ ದೊಡ್ಡ ಗೌರವ ಉಂಟೇ? ಆಕೆ ಆಗಲೇ ಪಕ್ಕದ ಮನೆಗಳಿಗೆಲ್ಲ ಹೇಳಿ ಬಂದಿದ್ದಾಳೆ, ಮಗುವಿಗೆಂದು ರೇಷ್ಮೆಯ ಟೋಪಿ ಹೊಲಿಯುತ್ತಿದ್ದಾಳೆ.

ನಿಮ್ಮ ಗೋಹರ್


ಹೈಫಾ, 12 ನವೆಂಬರ್ 1972

ಪ್ರಿಯ ಗೋಹರ್,

ಆ ಕಾಗದ ಓದಿ ಡ್ಯೂಟಿಯ ನಡುವೆ ಬಟ್ಟೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಮೋತ್ಯೆಗೆ ಫೋನ್ ಮಾಡಿಸಿದೆ. ಅವನು ಕಿಬ್ಬುತ್ಸಿನ ಕೂಡುಹೊಲಗಳಲ್ಲಿ ಟ್ರ್ಯಾಕ್ಟರ್ ಓಡಿಸುತ್ತಾನೆ, ಮಾತು ಕಡಿಮೆ. "ಸರಿ" ಎಂದ. ಆಮೇಲೆ, ಆ ಹಾಡು ಅವರಿಗೆ ಇನ್ನೂ ನೆನಪಿದೆಯೇ ಎಂದು ಕೇಳಿದ.

ಈಗಲೇ ಬಸ್ಸು ಹತ್ತಿ ಬರಬೇಕು. ಆದರೆ ಝೀವಾ ಹೆರಿಗೆಯವರೆಗೆ ಹಾಸಿಗೆ ಬಿಟ್ಟು ಏಳುವಂತಿಲ್ಲ, ಅಳಿಯ ಎಹೂದ್ ಸೈನ್ಯದ ಕರೆಗೆ ಹೋಗಿದ್ದಾನೆ. ಹೆಸರಿನ ವಿಷಯ ಇನ್ನೂ ನಿಶ್ಚಯವಾಗಿಲ್ಲ. ಮಗಳು ಅಳಿಯನಿಗೆ ಅನಾತ್ ಎಂಬ ಹೆಸರೂ ಇಷ್ಟ. ನೋಡೋಣ. ದೊಡ್ಡಮ್ಮ ದಯವಿಟ್ಟು ಶ್ರಮಪಟ್ಟು ಏನೂ ಹೊಲಿಯುವುದು ಬೇಡ.

ಫ್ರೂಮಾ


ಜೆರುಸಲೇಮ್, 20 ನವೆಂಬರ್ 1972

ಶ್ರೀಮತಿ ಝಿಲ್ಬರ್ಗ್ ಅವರಿಗೆ,

ಅರ್ಥವಾಯಿತು. ಅನಾತ್ ಒಳ್ಳೆಯ ಹೆಸರು. ಶಾಲೆಯಲ್ಲಿ ಯಾರೂ ನಗುವುದಿಲ್ಲ. ಸೆರಹ ಎಂದರೆ ಅವರೆ ಬಿಡಿಸುವ ಪಾರಸಿ ಮುದುಕಿಯ ಹೆಸರು, ಹೈಫಾದ ಮೊಮ್ಮಗಳಿಗೆ ಒಪ್ಪುವುದಿಲ್ಲ. ಸತ್ತಿದ್ದಾಳೆಂದು ತಿಳಿದಾಗ ಬೇಕಿದ್ದ ಹೆಸರು ಬದುಕಿದ್ದಾಳೆಂದು ತಿಳಿದ ಕೂಡಲೇ ಬೇಡವಾಯಿತು. ಇಂಥದ್ದನ್ನು ನಾನು ಕಂಡಿರಲಿಲ್ಲ.

ದೊಡ್ಡಮ್ಮನಿಗೆ ಕಾಗದ ಓದಿ ಹೇಳಿಲ್ಲ. ದಿನಾ ಕೇಳುತ್ತಾಳೆ, ಅಂಚೆ ಬರಲಿಲ್ಲ ಎನ್ನುತ್ತೇನೆ. ಟೋಪಿ ಮುಗಿದಿದೆ.

ಗೋಹರ್


ಹೈಫಾ, 26 ನವೆಂಬರ್ 1972

ಗೋಹರ್,

ಬೈಯಿರಿ, ಇನ್ನಷ್ಟು ಬೈಯಿರಿ. ಆದರೆ ಇದಕ್ಕೆ ಬೇಡ. ನಾನು ಹೇಳಬೇಕಾದದ್ದನ್ನು ಹೇಳದೆ ಅನಾತಳ ಹಿಂದೆ ಅಡಗಿಕೊಂಡೆ. ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡಿದ್ದೆ, ನಿಮ್ಮ ಕಡೆ ಪದ್ಧತಿ ಬೇರೆ ಎಂದು ತಲೆಗೆ ಹೊಳೆಯಲೇ ಇಲ್ಲ.

ನಮ್ಮಲ್ಲಿ ಬದುಕಿರುವವರ ಹೆಸರನ್ನು ಮಗುವಿಗೆ ಇಡುವುದಿಲ್ಲ. ಇಟ್ಟರೆ "ನಿನ್ನ ಜಾಗ ತುಂಬಿತು, ಇನ್ನು ಹೊರಡು" ಎಂದ ಹಾಗೆ. ಮೃತ್ಯುದೂತ ಹೆಸರು ಹಿಡಿದು ಬರುತ್ತಾನೆ ಎನ್ನುತ್ತಾರೆ. ಅದಕ್ಕೇ ನಿಮ್ಮ ದೊಡ್ಡಮ್ಮ ಸತ್ತ ತಾರೀಖು ನನಗೆ ಬೇಕಿತ್ತು. ನಾನು ಇಂಜೆಕ್ಷನ್ ಕೊಡುವವಳು, ದೂತರನ್ನು ನಂಬುವವಳಲ್ಲ. ಆದರೂ ನನ್ನ ತಾಯಿ ನನಗೆ ಬಿಟ್ಟು ಹೋದದ್ದು ಇಂಥ ನಾಲ್ಕು ಹೆದರಿಕೆಗಳನ್ನು ಮಾತ್ರ. ಅವಳ ಫೋಟೊ ಕೂಡ ನನ್ನಲ್ಲಿಲ್ಲ.

ನನ್ನವರೆಲ್ಲ ಹೋದರು, ಗೋಹರ್. ಆ ಡೇರೆಯಲ್ಲಿ ನನ್ನನ್ನು ಎತ್ತಿ ಕೂರಿಸಿದ ಕೈ ಇನ್ನೂ ಬೆಚ್ಚಗಿದೆ ಎಂದು ನೀವು ಹೇಳಿದ್ದೀರಿ. ಅವರ ಬಾಗಿಲನ್ನು ಸಾವಿಗೆ ನಾನು ತೋರಿಸಿಕೊಡಲಾರೆ. ಹೆಸರು ನನಗೆ ಬೇಕು, ಅದಕ್ಕಿಂತ ಹೆಚ್ಚಾಗಿ ಅವರು ಬೇಕು. ಇಷ್ಟನ್ನು ಅವರಿಗೆ ಓದಿ ಹೇಳಿ.

ಫ್ರೂಮಾ


ಜೆರುಸಲೇಮ್, 4 ಡಿಸೆಂಬರ್ 1972

ಫ್ರೂಮಾ ಜಾನ್,

ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ. ಇಲ್ಲಿ ಅಜ್ಜಿ ಅಜ್ಜಂದಿರ ಹೆಸರು ಇಡದಿದ್ದರೆ ಅವರು ಮುನಿಸಿಕೊಂಡು ಊಟ ಬಿಡುತ್ತಾರೆ. ನಿಮ್ಮಲ್ಲಿ ಹೀಗೂ ಉಂಟೆಂದು ನನಗೇನು ಗೊತ್ತು! ಓದಿ ಹೇಳಿದೆ. ಹನುಕ್ಕಾ ಹಬ್ಬದ ದೀಪಗಳ ಮುಂದೆ ಕೂತು ಕೇಳಿದಳು. ಇನ್ನು ಮುಂದಿನದು ಆಕೆ ಹೇಳಿದ್ದು, ನಾನು ಇದ್ದ ಹಾಗೆ ಬರೆದದ್ದು.

"ಮಗಾ, ನಿನ್ನ ಬುದ್ಧಿ ಇನ್ನೂ ಹತ್ತು ವರ್ಷದ್ದೇ ಕಣೇ, ರೊಟ್ಟಿ ಬಚ್ಚಿಡೋ ಬುದ್ಧಿ. ನನ್ನಮ್ಮ ನನಗಿಂತ ಮುಂಚೆ ಆರು ಹೆತ್ಳು, ಒಂದೂ ಉಳೀಲಿಲ್ಲ. ನಾನುಳಿದೆ. ನನಗೆ ಮಕ್ಕಳಾಗ್ಲಿಲ್ಲ. ಅಲ್ಲೂ ಇಲ್ಲೂ ಈ ಹೆಸರಿನವಳು ಇನ್ನೊಬ್ಳು ನನಗೆ ಸಿಗ್ಲಿಲ್ಲ. ಯಾರು ಕೂಗಿದ್ರೂ ತಿರುಗಿದ್ದು ನಾನೊಬ್ಳೇ. ವರ್ಷಕ್ಕೊಂದು ಶನಿವಾರ, ಶಬ್ಬಾತ್ ಪ್ರಾರ್ಥನೇಲಿ, ಯಾಕೋಬನ ಜೊತೆ ಈಜಿಪ್ಟಿಗೆ ಹೋದವರ ಪಟ್ಟಿ ಮಂದಿರದಲ್ಲಿ ಓದ್ತಾರಲ್ಲ, ಅಷ್ಟು ಗಂಡಸರ ಮಧ್ಯ 'ಅವರ ತಂಗಿ ಸೆರಹ' ಅಂತ ಬರುತ್ತೆ. ಅವತ್ತು ಕಿವಿಗೆ ಕೈ ಹಿಡ್ಕೊಂಡು ಕೂತಿರ್ತೀನಿ, ಯಾರೋ ಜೊತೆಯವಳು ಸಿಕ್ಳು ಅನ್ನೋ ಹಾಗೆ. ಈ ಹೆಸರಂದ್ರೆ ಮಿಕ್ಕಿದ್ದು. ಮಿಕ್ಕಿದ್ದನ್ನ ಯಾರ ತಟ್ಟೆಗಾದ್ರೂ ಬಡಿಸ್ಬೇಕು, ಪಾತ್ರೇಲೇ ಬಿಟ್ರೆ ಹಳಸುತ್ತೆ. ನಾನು ಸತ್ತ ಮೇಲೆ ಇಡ್ತೀಯಾ? ಹಾಗಾದ್ರೆ ನೀನು ನನ್ನ ಸಾವಿಗೆ ಕಾಯ್ತಾ ಕೂತ ಹಾಗಾಯ್ತಲ್ಲ, ಅದು ಚೆನ್ನಾಗಿದೆಯಾ? ಇಡು. ನಾನು ಕಿವಿಯಿಂದ ಕೇಳ್ಬೇಕು."

ಇಷ್ಟು ಹೇಳಿ ಟೋಪಿ ಮಡಿಸಿ ಕೊಟ್ಟಳು. ಇದರ ಜೊತೆಗೆ ಇದೆ.

ನಾನು ಮುಚ್ಚಿಟ್ಟ ಒಂದು ಮಾತನ್ನು ಆಕೆಗೆ ತಿಳಿಯದ ಹಾಗೆ ಬರೆಯುತ್ತೇನೆ. ಸೆಪ್ಟೆಂಬರಿನ ಹಬ್ಬಗಳು ಕಳೆದಾಗಿನಿಂದ ದೊಡ್ಡಮ್ಮನಿಗೆ ಉಸಿರು ಕಟ್ಟುತ್ತದೆ. ಎದೆಯಲ್ಲಿ ನೀರು ಸೇರಿದೆ ಎಂದರು ಡಾಕ್ಟರು. ಇದನ್ನು ಓದಿ ನೀವು ಹಿಂಜರಿದರೂ ನಾನು ತಪ್ಪು ತಿಳಿಯುವುದಿಲ್ಲ.

ಗೋಹರ್


ಹೈಫಾ, 17 ಡಿಸೆಂಬರ್ 1972

ಪ್ರಿಯ ಗೋಹರ್,

ಮಂಗಳವಾರ ಬೆಳಗ್ಗೆ ಹುಟ್ಟಿದಳು. ಮೂರು ಕಿಲೋ ನೂರು. ನಾನೇ ಎತ್ತಿಕೊಂಡೆ. ಸಾವಿರಾರು ಮಕ್ಕಳನ್ನು ಎತ್ತಿದ ಕೈ, ಇವಳನ್ನು ಎತ್ತುವಾಗ ಹೊಸಬಳ ಕೈಯಂತೆ ತಡವರಿಸಿತು.

ನಾಲ್ಕು ದಿನ ನಿದ್ದೆ ಇಲ್ಲ. ಹೌದು ಎಂದರೂ ಹೆದರಿಕೆ, ಇಲ್ಲ ಎಂದರೂ ಹೆದರಿಕೆ. ಕೊನೆಗೆ ಝೀವಾ ಅಂದಳು, "ಅಮ್ಮಾ, ಅವರಿಗೇ ಹೆದರಿಕೆ ಇಲ್ಲ, ನಿಂಗ್ಯಾಕೆ?" ನಿನ್ನೆ ಶಬ್ಬಾತ್, ರಜೆಯಲ್ಲಿ ಬಂದ ಎಹೂದನೊಡನೆ ಮಂದಿರಕ್ಕೆ ಹೋದೆ. ಎಷ್ಟೋ ವರ್ಷಗಳ ಮೇಲೆ ಹೋದದ್ದು, ಆದ್ದರಿಂದ ಆ ವಾರ ಯಾವ ಭಾಗ ಓದುತ್ತಾರೆ ಎಂದು ನಾನು ನೋಡಿರಲಿಲ್ಲ. ಓದುವವರು ಪಟ್ಟಿ ಶುರುಮಾಡಿದರು. ಇಂಥವನ ಮಗ, ಇಂಥವನ ಮಗ, ಇಂಥವನ ಮಗ. ಆಮೇಲೆ, "ಅವರ ತಂಗಿ ಸೆರಹ."

ಗೋಹರ್, ನಾನು ವಾರವನ್ನು ಆರಿಸಿರಲಿಲ್ಲ. ಮಗು ತಾನೇ ಬಂದ ವಾರ ಅದು. ಹೆಂಗಸರ ಕಡೆಯ ಕಟಕಟೆ ಹಿಡಿದು ನಿಂತೆ. ಸ್ವಲ್ಪ ಹೊತ್ತಿಗೆ ಎಹೂದನನ್ನು ತೋರಾ ಗ್ರಂಥದ ಬಳಿಗೆ ಕರೆದು ಮಗುವಿನ ಹೆಸರು ಕೇಳಿದರು. ಅವನು ಗಟ್ಟಿಯಾಗಿ ಹೇಳಿದ.

ಪಕ್ಕದ ಮುದುಕಿ ಕೇಳಿದಳು, "ಯಾರದ್ದಮ್ಮಾ ಈ ಹೆಸರು? ಯಾವಾಗ ಹೋದ್ರು?"

"ಹೋಗಿಲ್ಲ. ಜೆರುಸಲೇಮಲ್ಲಿದಾರೆ" ಅಂದೆ. ಆಕೆ ದೃಷ್ಟಿಗೆಂದು ಮೂರು ಸಲ ಥೂ ಥೂ ಎಂದು ದೂರ ಸರಿದು ಕೂತಳು.

ಟೋಪಿ ಸ್ವಲ್ಪ ದೊಡ್ಡದು. ಬೆಳೆಯುತ್ತಾಳೆ. ದೊಡ್ಡಮ್ಮ ಹೇಗಿದ್ದಾರೆ? ಬೇಗ ಬರೆಯಿರಿ.

ಫ್ರೂಮಾ


ಹೈಫಾ, 31 ಡಿಸೆಂಬರ್ 1972

ಗೋಹರ್,

ಹದಿನಾಲ್ಕು ದಿನವಾಯಿತು. ನೀವು ಇಷ್ಟು ದಿನ ಸುಮ್ಮನಿರುವವರಲ್ಲ. ಮಂದಿರಕ್ಕೆ ತಂತಿ ಕೊಟ್ಟೆ, ಉತ್ತರವಿಲ್ಲ. ಇಂದು ತೇವೆತ್ ಇಪ್ಪತ್ತಾರು, ನನ್ನ ದೀಪದ ದಿನ. ಯಾರಿಗೆ ಹಚ್ಚಬೇಕಾಗಿ ಬಂದಿದೆಯೋ ಎಂದು ಬೆಳಗಿನಿಂದ ಕೂತಿದ್ದೇನೆ. ಮಗುವನ್ನು ಹೆಸರು ಹಿಡಿದು ಕರೆಯಲು ನಾಲಿಗೆ ಏಳುವುದಿಲ್ಲ. ನಾನೇ ಬಾಗಿಲು ತೋರಿಸಿಕೊಟ್ಟೆನೇ?

ಏನಾಗಿದ್ದರೂ ಬರೆಯಿರಿ. ಸುತ್ತಿ ಬಳಸುವುದು ಬೇಡ, ನೇರವಾಗಿ ಬರೆಯಿರಿ.

ಫ್ರೂಮಾ


ಜೆರುಸಲೇಮ್, 3 ಜನವರಿ 1973

ಫ್ರೂಮಾ ಜಾನ್,

ಬದುಕಿದ್ದಾಳೆ. ಮೊದಲ ಸಾಲಿನಲ್ಲೇ ಬರೆದೆ, ನೋಡಿ. ಎರಡು ವಾರ ನಾನು ಮತ್ತು ಗಂಡ ಆಸ್ಪತ್ರೆಯಲ್ಲೇ ಇದ್ದೆವು, ಮಂದಿರಕ್ಕೆ ಬೀಗ. ನಿಮ್ಮ ತಂತಿ, ಕಾಗದ ಎಲ್ಲ ಬಾಗಿಲ ಸಂದಿಯಲ್ಲಿ ಬಿದ್ದಿದ್ದವು.

ನೀವು ಹೆಸರಿಟ್ಟ ಶಬ್ಬಾತಿನ ಮುನ್ನಾದಿನ, ಶುಕ್ರವಾರ ಸಂಜೆ, ಆಕೆಗೆ ಉಸಿರು ಸಿಗದೆ ಸಾಗಿಸಿದೆವು. ಶಬ್ಬಾತ್ ಬೆಳಗ್ಗೆ ಡಾಕ್ಟರು, "ಹತ್ತಿರದವರನ್ನ ಕರೆಸ್ಕೊಳ್ಳಿ" ಎಂದರು. ತುಟಿ ನೀಲಿಗಟ್ಟಿತ್ತು. ನಾನು ಪ್ರಾರ್ಥನೆ ಹೇಳುತ್ತಾ ಕೂತಿದ್ದೆ. ಆಗ ಕಣ್ಣುಬಿಟ್ಟು ನೀರು ಕೇಳಿದಳು. ಯಾವ ಗಳಿಗೆ ಎಂದು ನನ್ನನ್ನು ಕೇಳಬೇಡಿ, ನಾನು ಗಡಿಯಾರ ನೋಡಲಿಲ್ಲ. ನೋಡದೇ ಇದ್ದದ್ದೇ ಒಳ್ಳೆಯದಾಯಿತು. ಕೆಲವನ್ನು ಹಾಗೇ ಬಿಡಬೇಕು.

ಮೂರು ದಿನದ ಮೇಲೆ ಮಾತು ಬಂತು. ಆಕೆ ಹೇಳಿದ್ದು ಇದು:

"ಅವನು ಬಂದಿದ್ದ ಕಣೇ ಗೋಹರ್. ದೊಡ್ಡ ಪುಸ್ತಕ ಹಿಡ್ಕೊಂಡು ಮಂಚದ ಕಾಲಹತ್ರ ನಿಂತ. 'ಸೆರಹ ಯಾರು?' ಅಂದ. 'ನೀನೇ ನೋಡ್ಕೊಳಪ್ಪ' ಅಂದೆ. ಪುಸ್ತಕ ತಿರುವಿದ. 'ಇಲ್ಲಿ ನಾಲ್ಕು ದಿನದ ಕೂಸು ಅಂತ ಬರ್ದಿದೆಯಲ್ಲಾ, ಇನ್ನೂ ನೂರಿಪ್ಪತ್ತು ವರ್ಷ ಇದೆ' ಅಂತ ತಲೆ ಕೆರ್ಕೊಂಡ. ನಾನ್ಯಾಕೆ ಬಾಯ್ಬಿಡ್ಲಿ? ಹೊರಟೋದ."

ನರ್ಸುಗಳೆಲ್ಲ ನಕ್ಕರು. ನಾನು ನಗಲಿಲ್ಲ. ಮಗು ಹುಟ್ಟಿದ ಸುದ್ದಿ ಆಗಿನ್ನೂ ನಮಗೆ ತಲುಪಿರಲಿಲ್ಲ.

ಭಾನುವಾರ ಮನೆಗೆ ಕರೆತಂದೆವು. ತೇವೆತ್ ಇಪ್ಪತ್ತಾರು ಎಂದು ನಾನು ಮರೆತಿದ್ದೆ, ಆಕೆ ಮರೆತಿರಲಿಲ್ಲ. ನಿಮಗೆಂದು ಮೊದಲೇ ತಂದಿಟ್ಟಿದ್ದ ದೀಪವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಕಣ್ಣಲ್ಲಿ ನೀರು. ಆಮೇಲೆ ನನಗೆ ಕೊಟ್ಟು, "ಅಡುಗೆಮನೇಲಿಡು, ಕರೆಂಟು ಹೋದಾಗ ಬೇಕಾಗುತ್ತೆ" ಎಂದಳು.

ಈಗ ಹಾಸಿಗೆಯ ಮೇಲೆ ಒರಗಿ ಕೂತು ಕೇಳುತ್ತಿದ್ದಾಳೆ, ಬರೆದದ್ದನ್ನೆಲ್ಲ ಓದಿಸುತ್ತಿದ್ದಾಳೆ. ನೀವು ಮಗುವನ್ನು ಹೆಸರು ಹಿಡಿದು ಕರೆಯುತ್ತಿಲ್ಲ ಎಂಬುದನ್ನು ಓದಿದಾಗ ಸಿಟ್ಟು ಬಂತು. ಕೊನೆಯ ಮಾತು ಆಕೆಯದೇ ಆಗಬೇಕಂತೆ:

"ಝೀವಾಗೆ ನಲವತ್ತು ದಿನ ಆದ ಮೇಲೆ ಎಲ್ರೂ ಬನ್ನಿ. ಮೋತ್ಯೇನೂ ಬರ್ಲಿ, ಹಾಡು ಪೂರ್ತಿ ನೆನಪಿದೆ. ಮಗೂನ ಎತ್ಕೊಂಡು ನೆಟ್ಟಗೆ ಒಳಗೆ ಬಂದ್ಬಿಡಬೇಡ, ಮರಿ. ಗೇಟಿನ ಹತ್ರ ನಿಂತು ಗಟ್ಟಿಯಾಗಿ 'ಸೆರಹ' ಅಂತ ಕೂಗು. ಎಪ್ಪತ್ತೈದು ವರ್ಷಕ್ಕೆ ಒಂದ್ಸಲ ನಾನೂ ಒಳಗಿಂದ ಕೇಳ್ಬೇಕು, 'ಯಾವ ಸೆರಹ?' ಅಂತ."